ಟ್ಯಾಂಗ್ಲನ್ ನಿಘಂಟು ತಾಣ: ‘ಬ್ಯನ್’ ಅನ್ನೋ ಒಂದೇ ಪದ ಹಿಡಿದು ನೋಡಿದಾಗ

ನಿಘಂಟು ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ನಾನು ಒಂದೇ ಪದ ಹಿಡಿದು ಕೂರುತ್ತೇನೆ. ಅದರ ಅರ್ಥ ಏನು, ಬಾಯಲ್ಲಿ ಹೇಗೆ ಬರುತ್ತದೆ, ವಾಕ್ಯದೊಳಗೆ ಹೋದಾಗ ರೂಪ ಹೇಗೆ ಬದಲಾಗುತ್ತದೆ, ಎಲ್ಲಿಂದ ಬಂತು, ಜನ ಅದನ್ನು ಯಾವ್ಯಾವ ಮಾತಲ್ಲಿ ಸೇರಿಸಿಕೊಳ್ಳುತ್ತಾರೆ, ಇಷ್ಟಕ್ಕೂ ಉತ್ತರ ಹುಡುಕುತ್ತಾ ಹೋದರೆ ನಿಘಂಟಿನ ಬಲವೂ ಗೊತ್ತಾಗುತ್ತದೆ, ಕೊರತೆಯೂ ಗೊತ್ತಾಗುತ್ತದೆ. ಐರಿಶ್ ಭಾಷೆಯ ಟ್ಯಾಂಗ್ಲನ್ ತಾಣವನ್ನು ಹಾಗೇ ನೋಡಿದೆ. ಹಿಡಿದ ಪದ ‘ಬ್ಯನ್’. ಹೆಂಗಸು ಅಂತ ಅರ್ಥ.

ಬರೆಯುವುದು ಬಿ, ಇ, ಎ, ಎನ್. ಇಂಗ್ಲಿಷ್ ಓದಿ ಅಭ್ಯಾಸ ಆದವರಿಗೆ ‘ಬೀನ್’ ಅಂತ ಕಾಣುತ್ತದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದೇ ಪದ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಐರಿಶ್ ಕಲಿಯುವವರು ಮೊದಮೊದಲೇ ಕಲಿಯುವ ಪದ ಇದು, ದಿನಾ ಬೇಕಾಗುವ ಪದ. ಆದರೂ ವ್ಯಾಕರಣದ ಯಾವ ಪಟ್ಟಿಗೂ ಸರಿಯಾಗಿ ಕೂರುವುದಿಲ್ಲ. ಐರಿಶ್ ನಾಮಪದಗಳನ್ನು ಐದು ಗುಂಪು ಮಾಡಿ ಕಲಿಸುತ್ತಾರೆ. ‘ಬ್ಯನ್’ ಆ ಐದರ ಹೊರಗೆ ನಿಲ್ಲುತ್ತದೆ. ಬಹುವಚನ ‘ಮ್ನಾ’. ‘ಬ್ಯನ್’ ಎಲ್ಲಿ, ‘ಮ್ನಾ’ ಎಲ್ಲಿ!

ಐರ್ಲೆಂಡಿಗೆ ಹೋದವರು ಈ ‘ಮ್ನಾ’ವನ್ನು ಶೌಚಾಲಯದ ಬಾಗಿಲ ಮೇಲೆ ನೋಡಿರುತ್ತಾರೆ. ಒಂದು ಬಾಗಿಲಿಗೆ ‘ಫಿರ್’, ಇನ್ನೊಂದಕ್ಕೆ ‘ಮ್ನಾ’. ಎಮ್ ಅಕ್ಷರ ಕಂಡ ತಕ್ಷಣ ಇಂಗ್ಲಿಷಿನ ‘ಮೆನ್’ ಇರಬೇಕು ಅಂದುಕೊಂಡು ಗಂಡಸರು ಆ ಬಾಗಿಲು ತಳ್ಳುವುದುಂಟು. ಗಂಡಸರದ್ದು ‘ಫಿರ್’. ಅದು ‘ಫ್ಯರ್’ ಅನ್ನುವ ಪದದ ಬಹುವಚನ, ಸಂಸ್ಕೃತದ ‘ವೀರ’ಕ್ಕೆ ಹತ್ತಿರದ ನೆಂಟ. ಹಳೆಯ ‘ವ’ ಪದದ ಮೊದಲಲ್ಲಿ ಬಂದರೆ ಐರಿಶ್‌ನಲ್ಲಿ ‘ಫ’ ಆಗುತ್ತದೆ. ‘ಮ್ನಾ’ದ ನೆಂಟಸ್ತನ ಇದಕ್ಕಿಂತ ದೊಡ್ಡದು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ತಾಣದ ಬಗ್ಗೆ. ಇದನ್ನು ನಡೆಸುವುದು ಫೊರಸ್ ನ ಗೇಲ್ಗ ಅನ್ನುವ ಸಂಸ್ಥೆ. ಉತ್ತರ ಐರ್ಲೆಂಡಿನ ಸಂಘರ್ಷ ನಿಲ್ಲಿಸಲು ಮಾಡಿಕೊಂಡ 1998ರ ಗುಡ್ ಫ್ರೈಡೇ ಒಪ್ಪಂದದ ನಂತರ, 1999ರಲ್ಲಿ, ಐರ್ಲೆಂಡ್ ಗಣರಾಜ್ಯ ಮತ್ತು ಉತ್ತರ ಐರ್ಲೆಂಡ್ ಎರಡಕ್ಕೂ ಸೇರಿ ಐರಿಶ್ ಭಾಷೆಯ ಕೆಲಸಕ್ಕೆ ಅಂತ ಹುಟ್ಟಿದ್ದು. ‘ಟ್ಯಾಂಗ’ ಅಂದರೆ ನಾಲಿಗೆ, ಭಾಷೆ. ‘ಲನ್’ ಅಂದರೆ ಜಾಗ, ಮನೆ. ಗ್ರಂಥಾಲಯಕ್ಕೆ ಹೇಳುವ ಐರಿಶ್ ಪದದ ಬಾಲದಲ್ಲೂ ಇದೇ ‘ಲನ್’ ಇದೆ. ತಾಣ ಪೂರ್ತಿ ಉಚಿತ. ಲಾಗಿನ್ ಆಗಬೇಕಿಲ್ಲ. ಜಾಹೀರಾತು ಇಲ್ಲ. ಪುಟ ಐರಿಶ್‌ನಲ್ಲೂ ಸಿಗುತ್ತದೆ, ಇಂಗ್ಲಿಷಿನಲ್ಲೂ ಸಿಗುತ್ತದೆ.

ಒಳಗೆ ಮೂರು ನಿಘಂಟು ಇವೆ. ನೀಲ್ ಓ ಡೋನಲ್ ಸಂಪಾದಿಸಿದ 1977ರ ಐರಿಶ್–ಇಂಗ್ಲಿಷ್ ನಿಘಂಟು, ಟೊಮಾಸ್ ಡ ವಾಲ್ಡ್ರಿಹ ಅವರ 1959ರ ಇಂಗ್ಲಿಷ್–ಐರಿಶ್ ನಿಘಂಟು, ಮತ್ತೆ 1991ರಲ್ಲಿ ಬಂದ ಐರಿಶ್–ಐರಿಶ್ ಪುಟ್ಟ ನಿಘಂಟು. ಇದರ ಜೊತೆಗೆ ವ್ಯಾಕರಣಕ್ಕೆ ಒಂದು ವಿಭಾಗ, ಉಚ್ಚಾರಣೆಗೆ ಒಂದು ವಿಭಾಗ. ಮೂರರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬರುವುದು ಓ ಡೋನಲ್ ಅವರದ್ದು. 1959ರದ್ದರಲ್ಲಿ ಇಂಟರ್ನೆಟ್ ಕಾಲದ ಪದ ಹುಡುಕಿ ಪ್ರಯೋಜನ ಇಲ್ಲ. ಅದಕ್ಕೆ ಇದೇ ಸಂಸ್ಥೆಯ ಇನ್ನೊಂದು ತಾಣ ಇದೆ, ‘ಫೊಕ್ಲೋರ್’ ಅಂತ. ಅದು 2013ರಲ್ಲಿ ಶುರುವಾದ ಹೊಸ ಇಂಗ್ಲಿಷ್–ಐರಿಶ್ ನಿಘಂಟು. ಅದರ ಆಧಾರದ ಮೇಲೆ 2020ರಲ್ಲಿ ಪುಸ್ತಕವೂ ಬಂತು.

ಈಗ ‘ಬ್ಯನ್’ ಟೈಪ್ ಮಾಡೋಣ. ಓ ಡೋನಲ್ ನಿಘಂಟಿನ ಮೊದಲ ಸಾಲಲ್ಲೇ ಬೇಕಾದ್ದೆಲ್ಲ ಇದೆ: ಸ್ತ್ರೀಲಿಂಗ, ಷಷ್ಠಿ ಏಕವಚನ ‘ಮ್ನಾ’, ಪ್ರಥಮಾ ಬಹುವಚನವೂ ‘ಮ್ನಾ’, ಷಷ್ಠಿ ಬಹುವಚನ ‘ಬನ್’. ಆದರೆ ಇದೆಲ್ಲ ಸಂಕ್ಷೇಪಾಕ್ಷರದಲ್ಲಿ ಇದೆ. ಹೊಸಬರಿಗೆ ಆ ಚಿಕ್ಕ ಚಿಕ್ಕ ಅಕ್ಷರಗಳು ಅರ್ಥ ಆಗುವುದಿಲ್ಲ. 1977ರಲ್ಲಿ ಕಾಗದ ಉಳಿಸಬೇಕಿತ್ತು, ಸರಿ. ಪರದೆ ಮೇಲೆ ಬಿಡಿಸಿ ಬರೆದರೆ ಏನೂ ನಷ್ಟ ಇಲ್ಲ, ಅಲ್ವಾ?

ಈ ಕೊರತೆ ತುಂಬುವುದು ವ್ಯಾಕರಣ ವಿಭಾಗ. ತಾಣದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದೇ. ಇಲ್ಲಿ ಪದದ ರೂಪಗಳನ್ನು ಬಿಡಿಸಿ ಪಟ್ಟಿ ಹಾಕಿದ್ದಾರೆ, ಒಂಟಿಯಾಗಿ ಹೇಗೆ ಬರುತ್ತದೆ, ಮುಂದೆ ‘ಅನ್’ ಸೇರಿದಾಗ ಹೇಗೆ ಬರುತ್ತದೆ, ಎರಡೂ ಪಕ್ಕಪಕ್ಕ. ಈ ‘ಅನ್’ ಇಂಗ್ಲಿಷಿನ ‘ದ’ ಮಾಡುವ ಕೆಲಸ ಮಾಡುತ್ತದೆ. ‘ಬ್ಯನ್’ಗೆ ಇದು ತುಂಬ ಮುಖ್ಯ. ಯಾಕಂದರೆ ‘ಅನ್’ ಸೇರಿದ ಕೂಡಲೇ ಪದದ ತಲೆಯೇ ಬದಲಾಗುತ್ತದೆ. ‘ಅನ್ ವ್ಯನ್’ ಅನ್ನಬೇಕು. ಬರೆಯುವಾಗ ಬಿ ಪಕ್ಕದಲ್ಲಿ ಒಂದು ಎಚ್ ಸೇರುತ್ತದೆ, ಓದುವಾಗ ‘ಬ’ ಹೋಗಿ ‘ವ’ ಬರುತ್ತದೆ. ‘ಆ ಹೆಂಗಸಿನ’ ಅನ್ನಬೇಕಾದರೆ ‘ನ ಮ್ನಾ’. ‘ಆ ಹೆಂಗಸರು’ ಅನ್ನೋಕೂ ‘ನ ಮ್ನಾ’ನೇ. ‘ಆ ಹೆಂಗಸರ’ ಅನ್ನಬೇಕಾದರೆ ‘ನ ಮನ್’. ಇಲ್ಲಿ ಬರೆಯುವುದು ಎಮ್, ಬಿ, ಎ, ಎನ್. ಓದುವಾಗ ಎಮ್ ಮಾತ್ರ ಕೇಳಿಸುತ್ತದೆ, ಬಿ ಮೌನ.

ಮೊದಲ ಸಲ ನೋಡಿದವರಿಗೆ ಇದು ತಲೆನೋವು. ಪದದ ಕೊನೆ ಬದಲಾಗುವುದು ನಮಗೆ ಗೊತ್ತು. ಹೆಂಗಸು, ಹೆಂಗಸಿನ, ಹೆಂಗಸರು, ಹೆಂಗಸರಿಗೆ. ಮೊದಲಕ್ಷರ ಬದಲಾದರೆ ನಿಘಂಟಿನಲ್ಲಿ ಎಲ್ಲಿ ಹುಡುಕುವುದು? ಆದರೆ ಐರಿಶ್ ಬರಹ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಶಬ್ದ ಬದಲಾದರೂ ಮೂಲ ಅಕ್ಷರವನ್ನು ಅಳಿಸುವುದಿಲ್ಲ. ಬಿ ಹಾಗೇ ಇರುತ್ತದೆ, ಅದರ ಪಕ್ಕ ಎಚ್ ಬರುತ್ತದೆ, ಇಲ್ಲವೇ ಮುಂದೆ ಎಮ್ ಬರುತ್ತದೆ. ಹೊಸದಾಗಿ ಸೇರಿದ್ದನ್ನು ತೆಗೆದು ಟೈಪ್ ಮಾಡಿದರೆ ಪದ ಸಿಗುತ್ತದೆ.

ಮತ್ತೆ ಇದು ಕನ್ನಡಿಗರಿಗೆ ಅಷ್ಟೇನೂ ಹೊಸದಲ್ಲ. ಶಾಲೆಯಲ್ಲಿ ಆದೇಶ ಸಂಧಿ ಓದಿದ್ದು ನೆನಪಿದೆಯಾ? ಕಡು ಮತ್ತು ಬೆಳ್ಪು ಸೇರಿ ಕಡುವೆಳ್ಪು. ಮೆಲ್ ಮತ್ತು ಮಾತು ಸೇರಿ ಮೆಲ್ವಾತು. ‘ಬ’ ಹೋಗಿ ‘ವ’, ‘ಮ’ ಹೋಗಿ ‘ವ’. ಐರಿಶ್‌ನಲ್ಲೂ ಅದೇ. ‘ಬ್ಯನ್’ ಹೋಗಿ ‘ವ್ಯನ್’. ಹೆಂಗಸರನ್ನು ಕರೆಯುವಾಗ ‘ಅ ವ್ನಾ’, ಅಂದರೆ ‘ಮ್ನಾ’ದ ‘ಮ’ ಕೂಡ ‘ವ’ ಆಗುತ್ತದೆ. ವ್ಯತ್ಯಾಸ ಏನಂದರೆ ನಮ್ಮಲ್ಲಿ ಇದು ಎರಡು ಪದ ಕೂಡಿದಾಗಿನ ಉಚ್ಚಾರಣೆಯ ಅನುಕೂಲ ಅಷ್ಟೆ. ಅವರಲ್ಲಿ ಇದೇ ವ್ಯಾಕರಣದ ಗುರುತಾಗಿಬಿಟ್ಟಿದೆ. ‘ಅನ್ ವ್ಯನ್’ ಅಂತ ಕೇಳಿದರೆ ಪದ ಸ್ತ್ರೀಲಿಂಗ ಅಂತ ತಿಳಿಯುತ್ತದೆ.

ಲಿಂಗದ ವಿಷಯದಲ್ಲಿ ಮಾತ್ರ ನಮ್ಮ ಅಭ್ಯಾಸ ನಡೆಯುವುದಿಲ್ಲ. ಕನ್ನಡದಲ್ಲಿ ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಐರಿಶ್‌ನಲ್ಲಿ ‘ಬ್ಯನ್’ ಸ್ತ್ರೀಲಿಂಗ, ಸರಿ, ಆದರೆ ಹುಡುಗಿ ಅನ್ನುವ ‘ಕಲೀನ್’ ಪುಲ್ಲಿಂಗ! ಬಾಲದಲ್ಲಿ ಇರುವ ‘ಈನ್’ ಅನ್ನುವ ಚಿಕ್ಕದು ಅನ್ನೋ ಪ್ರತ್ಯಯ ಹಾಗೆ ಮಾಡುತ್ತದೆ. ಹಾಗಾಗಿ ‘ಅನ್ ಕಲೀನ್’ ಅಂದಾಗ ‘ಕ’ ಬದಲಾಗುವುದಿಲ್ಲ. ಪ್ರತಿ ಪದಕ್ಕೂ ವ್ಯಾಕರಣ ವಿಭಾಗ ತೆರೆದು ಲಿಂಗ ನೋಡಿಕೊಳ್ಳುವ ರೂಢಿ ಮಾಡಿಕೊಳ್ಳಿ. ಊಹೆ ಮಾಡಬೇಡಿ.

ಎಣಿಕೆಗೆ ಬಂದರೆ ಮತ್ತೆ ಕನ್ನಡಿಗರ ಕಡೆಗೇ ಅದೃಷ್ಟ. ನಾವು ಎರಡು ಹೆಂಗಸು ಅನ್ನುವುದಿಲ್ಲ, ಇಬ್ಬರು ಹೆಂಗಸರು ಅನ್ನುತ್ತೇವೆ. ಮೂವರು, ನಾಲ್ವರು, ಐವರು. ಮನುಷ್ಯರಿಗೆ ಬೇರೆ ಎಣಿಕೆ. ಐರಿಶ್‌ನಲ್ಲೂ ಹಾಗೇ ಇದೆ. ‘ಬೆರ್ಟ್ ವನ್’ ಇಬ್ಬರು ಹೆಂಗಸರು, ‘ಟ್ರ್ಯೂರ್ ಬನ್’ ಮೂವರು, ‘ಕ್ಯಾಹ್ರರ್ ಬನ್’ ನಾಲ್ವರು. ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ಒದ್ದಾಡುತ್ತಾರೆ. ಗಮನಿಸಿ, ಎಣಿಕೆಯ ಹಿಂದೆ ಬರುವುದು ‘ಮ್ನಾ’ ಅಲ್ಲ, ಷಷ್ಠಿ ಬಹುವಚನದ ‘ಬನ್’. ‘ಹೆಂಗಸರಲ್ಲಿ ಮೂವರು’ ಅನ್ನುವ ಥರದ ಜೋಡಣೆ ಅದು. ಇದೊಂದೇ ಕಾರಣಕ್ಕೆ ಆ ‘ಬನ್’ ರೂಪವನ್ನು ಕಲಿಯಲೇಬೇಕು. ಅದು ಪುಸ್ತಕದಲ್ಲಿ ಮಾತ್ರ ಉಳಿದ ರೂಪ ಅಲ್ಲ, ಮಾತಿನಲ್ಲಿ ಸದಾ ಓಡಾಡುತ್ತದೆ.

ಐರ್ಲೆಂಡಿನ ಬದುಕಿನಲ್ಲೂ ಈ ‘ನ ಮನ್’ ಎಲ್ಲ ಕಡೆ ಇದೆ. ಜನವರಿ 6ಕ್ಕೆ ‘ನಲಿಗ್ ನ ಮನ್’, ಹೆಂಗಸರ ಕ್ರಿಸ್ಮಸ್. ಹಬ್ಬದ ದಿನಗಳಲ್ಲಿ ದುಡಿದ ಹೆಂಗಸರಿಗೆ ಅವತ್ತು ಬಿಡುವು ಅನ್ನುವ ಸಂಪ್ರದಾಯ, ಕಾರ್ಕ್ ಮತ್ತು ಕೆರ್ರಿ ಕಡೆ ಜಾಸ್ತಿ. 1914ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ದಂಗೆಯಲ್ಲಿ ಪಾಲ್ಗೊಂಡ ಹೆಂಗಸರ ಸಂಘಟನೆಯ ಹೆಸರು ‘ಕುಮನ್ ನ ಮನ್’. ಟಿಪ್ಪರೇರಿ ಕೌಂಟಿಯಲ್ಲಿ 721 ಮೀಟರ್ ಎತ್ತರದ ಬೆಟ್ಟ ಒಂದಿದೆ, ‘ಶ್ಲೀವ್ ನ ಮನ್’, ಹೆಂಗಸರ ಬೆಟ್ಟ. ಫಿನ್ ಮಕ್ ಕೂಲ್ ಅನ್ನುವ ವೀರ, ಓಡಿ ಮೊದಲು ತುದಿ ಮುಟ್ಟಿದವಳನ್ನು ಮದುವೆಯಾಗುತ್ತೇನೆ ಅಂದನಂತೆ, ಅದಕ್ಕೇ ಆ ಹೆಸರು ಅಂತ ಕಥೆ. ಇಂಗ್ಲಿಷರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡು ಅದನ್ನು ‘ಸ್ಲೀವ್‌ನಮೊನ್’ ಮಾಡಿದರು. ಅವರ ಬರಹದಲ್ಲಿ ಬಿ ಇಲ್ಲವೇ ಇಲ್ಲ. ಬಿ ಮೌನ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಇಂಥ ಊರು, ಬೆಟ್ಟದ ಹೆಸರು ಟ್ಯಾಂಗ್ಲನ್‌ನಲ್ಲಿ ಸಿಗುವುದಿಲ್ಲ. ಅದು ತಪ್ಪಲ್ಲ, ಅದಕ್ಕೆ ಅಂತ ‘ಲೊಗನಿಮ್’ ಅನ್ನುವ ಬೇರೆ ತಾಣವೇ ಇದೆ.

ಉಚ್ಚಾರಣೆ ವಿಭಾಗ. ಇದು ನಿಜವಾಗಲೂ ದೊಡ್ಡ ಕೊಡುಗೆ. ಐರಿಶ್‌ಗೆ ಎಲ್ಲರೂ ಒಪ್ಪಿದ ಒಂದೇ ಉಚ್ಚಾರಣೆ ಅಂತ ಇಲ್ಲ. ಬರಹಕ್ಕೆ 1958ರಲ್ಲಿ ಸರ್ಕಾರದ ಒಂದು ಮಾನಕ ರೂಪ ಬಂತು. ಮಾತಿಗೆ ಮಾತ್ರ ಮೂರು ಸೀಮೆ, ಮೂರು ರೀತಿ: ಉತ್ತರಕ್ಕೆ ಅಲ್ಸ್ಟರ್, ಪಶ್ಚಿಮಕ್ಕೆ ಕಾನಾಕ್ಟ್, ದಕ್ಷಿಣಕ್ಕೆ ಮನ್ಸ್ಟರ್. ತಾಣದಲ್ಲಿ ಮೂರಕ್ಕೂ ಪ್ರತ್ಯೇಕ ಧ್ವನಿ ಇದೆ, ಮನುಷ್ಯರ ದನಿ, ಆಯಾ ಸೀಮೆಯ ಮಾತಾಡುವವರೇ ಹೇಳಿದ್ದು. ಯಾವುದನ್ನೂ ಸರಿ, ಯಾವುದನ್ನೂ ತಪ್ಪು ಅನ್ನದೆ ಮೂರನ್ನೂ ಸಮವಾಗಿ ಇಟ್ಟಿದ್ದಾರೆ. ಈ ನಿಲುವು ನನಗೆ ತುಂಬ ಹಿಡಿಸಿತು. 2022ರ ಜನಗಣತಿ ಪ್ರಕಾರ ಗಣರಾಜ್ಯದಲ್ಲಿ ಶಾಲೆಯ ಹೊರಗೆ ದಿನಾ ಐರಿಶ್ ಮಾತಾಡುವವರು ಸುಮಾರು 72 ಸಾವಿರ. ಅಷ್ಟು ಜನರಲ್ಲಿ ಒಂದು ಸೀಮೆಯ ದನಿಯನ್ನು ಮಾನಕ ಅಂತ ಏರಿಸಿ ಉಳಿದೆರಡನ್ನು ಕೆಳಗಿಟ್ಟರೆ ಭಾಷೆಗೇ ನಷ್ಟ.

‘ಬ್ಯನ್’ ಮೂರೂ ಕಡೆ ಹೆಚ್ಚು ಕಡಿಮೆ ಒಂದೇ. ‘ಬ್’ ಹೇಳುವಾಗ ನಾಲಿಗೆ ‘ಯ’ ಹೇಳುವ ಜಾಗಕ್ಕೆ ಏರಿರುತ್ತದೆ, ಕೊನೆಯ ‘ನ್’ ಹಲ್ಲಿಗೆ ತಾಗುತ್ತದೆ. ನಾನು ಕನ್ನಡದಲ್ಲಿ ‘ಬ್ಯ’ ಅಂತ ಬರೆದರೂ ಆ ‘ಯ’ವನ್ನು ಬಿಡಿಯಾಗಿ ಒತ್ತಿ ಹೇಳಬಾರದು. ಬರಹದಲ್ಲಿ ಇ ಮತ್ತು ಎ ಎರಡೂ ಇರುವುದು ಯಾಕೆ ಅಂದರೆ, ಇ ತನ್ನ ಎಡಗಡೆಯ ಬಿಯನ್ನು ಮೃದು ಮಾಡೋಕೆ, ಎ ತನ್ನ ಬಲಗಡೆಯ ಎನ್ ಗಟ್ಟಿ ಅಂತ ಹೇಳೋಕೆ. ಸ್ವರ ಅಂತ ಕೇಳಿಸುವುದು ಚಿಕ್ಕ ‘ಅ’ ಒಂದೇ. ಐರಿಶ್ ಕಾಗುಣಿತ ಕಷ್ಟ ಅನ್ನುವವರು ಈ ಒಂದು ನಿಯಮ ಕಲಿತರೆ ಅರ್ಧ ಕಷ್ಟ ಹೋಗುತ್ತದೆ.

ಸೀಮೆಯ ವ್ಯತ್ಯಾಸ ಕಾಣುವುದು ಬಹುವಚನದಲ್ಲಿ. ದಕ್ಷಿಣದವರು ಬರೆದ ಹಾಗೇ ‘ಮ್ನಾ’ ಅನ್ನುತ್ತಾರೆ. ಪಶ್ಚಿಮ ಮತ್ತು ಉತ್ತರದವರು ‘ಮ್ರಾ’ ಅನ್ನುತ್ತಾರೆ! ಇದು ಈ ಪದಕ್ಕೆ ಮಾತ್ರ ಅಲ್ಲ. ಅಲ್ಲೆಲ್ಲ ‘ಕ್ನ’, ‘ಗ್ನ’, ‘ಮ್ನ’ ಅಂತ ಶುರುವಾಗುವ ಪದಗಳ ‘ನ’ ಎಲ್ಲ ‘ರ’ ಆಗಿದೆ. ಗುಡ್ಡ ಅನ್ನುವ ‘ಕ್ನೊಕ್’ ಅವರ ಬಾಯಲ್ಲಿ ‘ಕ್ರೊಕ್’. ಪಕ್ಕದ ಮ್ಯಾನ್ ದ್ವೀಪದ ಮ್ಯಾಂಕ್ಸ್ ಭಾಷೆ ಐರಿಶ್‌ನ ತಂಗಿ. ಅಲ್ಲಿ ಬರಹದಲ್ಲೇ ‘ರ’ ಇದೆ, ‘ಮ್ರೇನ್’ ಅಂತ. ಹಾಗಾಗಿ ಯಾರಾದರೂ ‘ಮ್ರಾ’ ಅಂದರೆ ತಿದ್ದಲು ಹೋಗಬೇಡಿ, ಅವರು ತಮ್ಮ ಊರಿನ ಮಾತು ಸರಿಯಾಗೇ ಆಡುತ್ತಿದ್ದಾರೆ.

ದೀರ್ಘದ ಗುರುತನ್ನು ಐರಿಶ್‌ನಲ್ಲಿ ‘ಫದಾ’ ಅನ್ನುತ್ತಾರೆ, ಅಕ್ಷರದ ಮೇಲೊಂದು ಓರೆ ಗೆರೆ. ಸುಮ್ನೆ ಅಲಂಕಾರ ಅಲ್ಲ ಅದು. ‘ಬನ್’ ಅಂದರೆ ಹೆಂಗಸರ. ಗೆರೆ ಹಾಕಿ ‘ಬಾನ್’ ಅಂದರೆ ಬಿಳಿ. ಹ್ರಸ್ವ ದೀರ್ಘ ಬೇರೆ ಮಾಡಿ ಮಾತಾಡುವ ನಮಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಹುಡುಕುವಾಗ ಗೆರೆ ಹಾಕಿಯೇ ಟೈಪ್ ಮಾಡಿ.

ಈ ವಿಭಾಗದ ಮಿತಿ ಅಂದರೆ ಸಿಗುವುದು ಬಿಡಿ ಪದ ಮಾತ್ರ. ‘ಅನ್ ವ್ಯನ್’, ‘ನ ಮನ್’ ಇಂಥವು ಜೋಡಿಯಲ್ಲೇ ಜೀವ ಪಡೆಯುವ ಶಬ್ದಗಳು. ಅದಕ್ಕೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ‘ಅಬರ್’ ತಾಣಕ್ಕೆ ಹೋಗಬೇಕು. ಅಲ್ಲಿ ಯಾವ ವಾಕ್ಯ ಟೈಪ್ ಮಾಡಿದರೂ ಕಂಪ್ಯೂಟರ್ ದನಿ ಓದಿ ಹೇಳುತ್ತದೆ, ಅದೂ ಮೂರು ಸೀಮೆಯಲ್ಲಿ. ಮನುಷ್ಯರ ದನಿಯಷ್ಟು ಹಿತ ಇಲ್ಲ, ಆದರೆ ಪದಗಳು ಕೂಡುವ ಜಾಗದಲ್ಲಿ ಏನಾಗುತ್ತದೆ ಅಂತ ತಿಳಿಯೋಕೆ ಸಾಕು.

ಈಗ ಮೂಲದ ವಿಷಯ. ಟ್ಯಾಂಗ್ಲನ್ ಇಲ್ಲಿ ಪೂರ್ತಿ ಮೌನ. ಪದ ಎಲ್ಲಿಂದ ಬಂತು ಅಂತ ಒಂದು ಸಾಲೂ ಇಲ್ಲ. ಬೇರೆ ಪದಕ್ಕಾದರೆ ಪರವಾಗಿಲ್ಲ ಅನ್ನಬಹುದಿತ್ತು. ‘ಬ್ಯನ್’ ವಿಷಯದಲ್ಲಿ ಹಾಗನ್ನಲು ಆಗುವುದಿಲ್ಲ. ‘ಬ್ಯನ್, ಮ್ನಾ, ಬನ್’ ಅಂತ ಮೂರು ರೂಪ ಕೊಟ್ಟು ಬಾಯಿಪಾಠ ಮಾಡಿ ಅಂದರೆ ಅದು ಅನ್ಯಾಯ. ಅವು ಯಾಕೆ ಹಾಗಿವೆ ಅಂತ ಎರಡು ಸಾಲಲ್ಲಿ ಹೇಳಿದರೆ ಮರೆಯೋದೇ ಇಲ್ಲ. ನನ್ನ ದೊಡ್ಡ ದೂರು ಇದೇ.

ಕಾರಣ ಹೀಗಿದೆ. ಇದು ಸಂಸ್ಕೃತ, ಗ್ರೀಕ್, ಪರ್ಷಿಯನ್, ಇಂಗ್ಲಿಷ್ ಎಲ್ಲವೂ ಹುಟ್ಟಿದ ಆದಿ ಭಾಷೆಯ ಪದ. ಅದರ ಮೊದಲ ಶಬ್ದ ‘ಗ್ವ’ ಅನ್ನುವ ಥರದ್ದು, ‘ಗ’ ಹೇಳುತ್ತಾ ತುಟಿ ದುಂಡಗೆ ಮಾಡಿದಂತೆ. ಐರಿಶ್‌ನ ಪೂರ್ವಜರ ಬಾಯಲ್ಲಿ ಆ ‘ಗ್ವ’ ಪೂರ್ತಿ ‘ಬ’ ಆಯಿತು. ಸಂಸ್ಕೃತದಲ್ಲಿ ‘ಗ’ ಅಥವಾ ‘ಜ’ ಆಯಿತು. ನಂಬಿಕೆ ಬರದಿದ್ದರೆ ಬೇರೆ ಪದ ನೋಡಿ. ಸಂಸ್ಕೃತದ ‘ಗೋ’ ಐರಿಶ್‌ನಲ್ಲಿ ‘ಬೋ’, ಎರಡಕ್ಕೂ ಹಸು ಅಂತಲೇ ಅರ್ಥ. ಸಂಸ್ಕೃತದ ‘ಜೀವ’ ಐರಿಶ್‌ನಲ್ಲಿ ‘ಬ್ಯೋ’, ಜೀವಂತ ಅಂತ ಅರ್ಥ. ಹಾಗೆಯೇ ‘ಬ್ಯನ್’ಗೆ ಸಂಸ್ಕೃತದಲ್ಲಿ ಸಿಗುವ ಜೋಡಿ ವೇದದ ಕಾಲದ ‘ಜನಿ’ ಮತ್ತು ‘ಗ್ನಾ’. ಎರಡೂ ಹೆಂಗಸು ಅನ್ನುವ ಪದಗಳೇ, ‘ಗ್ನಾ’ವನ್ನು ದೇವತಾ ಸ್ತ್ರೀಯರಿಗೆ ಹೇಳುತ್ತಿದ್ದರು.

ಈಗ ‘ಬ್ಯನ್’ ಮತ್ತು ‘ಮ್ನಾ’ ಪಕ್ಕದಲ್ಲಿ ‘ಜನಿ’ ಮತ್ತು ‘ಗ್ನಾ’ ಇಟ್ಟು ನೋಡಿ. ಒಂದರಲ್ಲಿ ನಡುವೆ ಸ್ವರ ಇದೆ, ಇನ್ನೊಂದರಲ್ಲಿ ಇಲ್ಲ. ಎರಡು ಭಾಷೆಯಲ್ಲೂ ಅದೇ ಜೋಡಿ! ಆದಿ ಭಾಷೆಯಲ್ಲಿ ಒಂದೇ ಪದ ಪ್ರಥಮಾ ವಿಭಕ್ತಿಯಲ್ಲಿ ಸ್ವರ ಇಟ್ಟುಕೊಂಡು, ಷಷ್ಠಿಯಲ್ಲಿ ಸ್ವರ ಬಿಟ್ಟು ಬರುತ್ತಿತ್ತು. ಸ್ವರ ಬಿದ್ದ ರೂಪ ಕೆಲ್ಟಿಕ್‌ನಲ್ಲಿ, ಅಂದರೆ ಐರಿಶ್ ಸೇರಿದ ಭಾಷಾ ಕುಟುಂಬದಲ್ಲಿ, ‘ಬ್ನಾ’ ಆಯಿತು. ‘ಬ’ ಮತ್ತು ‘ನ’ ತಗುಲಿಕೊಂಡಾಗ ‘ನ’ದ ಮೂಗಿನ ಶಬ್ದ ‘ಬ’ಗೂ ಹಿಡಿದು ‘ಮ್ನಾ’ ಆಯಿತು. ಮೂರು ಬೇರೆ ಪದ ಅಲ್ಲ, ಒಂದೇ ಪದ. ಸಾವಿರಾರು ವರ್ಷ ಹಳೆಯ ಆ ವಿಭಕ್ತಿ ಏರಿಳಿತ ಈಗಲೂ ಶೌಚಾಲಯದ ಬೋರ್ಡಿನ ಮೇಲೆ ಇದೆ ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ನಡುವಿನ ‘ಬ್ನಾ’ ಬರೀ ಊಹೆ ಅಲ್ಲ. ದಕ್ಷಿಣ ಫ್ರಾನ್ಸಿನ ಲಾರ್ಜಾಕ್‌ನಲ್ಲಿ 1983ರಲ್ಲಿ ಹಿಂದೆ ಅಲ್ಲಿ ಆಡುತ್ತಿದ್ದ ಗೌಲಿಶ್ ಅನ್ನುವ ಕೆಲ್ಟಿಕ್ ಭಾಷೆಯ ಒಂದು ಸೀಸದ ಹಲಗೆ ಸಿಕ್ಕಿತು. ಅದರಲ್ಲಿ ‘ಬ್ನಾನೊಮ್ ಬ್ರಿಕ್ತೊಮ್’ ಅಂತ ಇದೆ, ಹೆಂಗಸರ ಮಂತ್ರ ಅಂತ ಅರ್ಥ ಮಾಡುತ್ತಾರೆ. ಪ್ಯಾಟ್ರಿಕ್ ಸಂತನ ಹೆಸರಲ್ಲಿ ಬಂದಿರುವ ಹಳೆಯ ಐರಿಶ್ ಪ್ರಾರ್ಥನೆಯೊಂದರಲ್ಲಿ ಹೆಂಗಸರ, ಕಮ್ಮಾರರ, ಡ್ರೂಯಿಡರ (ಹಳೆಯ ಕೆಲ್ಟಿಕ್ ಪುರೋಹಿತರ) ಮಂತ್ರಗಳಿಂದ ಕಾಪಾಡು ಅನ್ನುವ ಮಾತಿದೆ. ಅಲ್ಲೂ ಅದೇ ಜೋಡಿ, ‘ಬ್ರಿಖ್ತು ಬನ್’.

ತಲೆಯಕ್ಷರ ಬದಲಾಗುವುದಕ್ಕೂ ಇತಿಹಾಸದಲ್ಲೇ ಉತ್ತರ ಇದೆ. ಈಗಿನ ‘ಅನ್’ ಹಿಂದೆ ‘ಸಿಂದಾ’ ಅನ್ನುವ ಥರ ಇತ್ತು, ಸ್ತ್ರೀಲಿಂಗದಲ್ಲಿ ಸ್ವರದಿಂದ ಮುಗಿಯುತ್ತಿತ್ತು. ಎರಡು ಸ್ವರದ ನಡುವೆ ಸಿಕ್ಕ ‘ಬ’ ಸಡಿಲವಾಗಿ ‘ವ’ ಆಯಿತು. ಷಷ್ಠಿ ಬಹುವಚನದಲ್ಲಿ ಅದು ಅನುನಾಸಿಕದಿಂದ ಮುಗಿಯುತ್ತಿತ್ತು, ಹಾಗಾಗಿ ‘ಮ್ಬ’ ಆಗಿ, ಕೊನೆಗೆ ‘ಮ’ ಉಳಿಯಿತು. ಆ ಕೊನೆಯ ಶಬ್ದಗಳು ಸವೆದು ಹೋದವು, ಅವು ಪಕ್ಕದ ಪದಕ್ಕೆ ಮಾಡಿದ ಬದಲಾವಣೆ ಮಾತ್ರ ಉಳಿಯಿತು.

ಇನ್ನೊಂದು ಎಚ್ಚರಿಕೆ. ‘ಜನಿ’ ಅಂದ ಕೂಡಲೇ ಜನಿಸು, ಜನನ, ಜನನಿ ನೆನಪಾಗುತ್ತವೆ. ಅವು ಬೇರೆ ಬೇರಿನವು. ಸಂಸ್ಕೃತದಲ್ಲಿ ಎರಡೂ ‘ಜ’ ಆಗಿ ಕಲಸಿಹೋಗಿವೆ. ಐರಿಶ್‌ನಲ್ಲಿ ಬೇರೆ ಬೇರೆಯಾಗಿಯೇ ಉಳಿದಿವೆ: ಹುಟ್ಟಿಸು ಅನ್ನುವುದಕ್ಕೆ ‘ಗಿನ್’, ಹೆಂಗಸಿಗೆ ‘ಬ್ಯನ್’. ಉಳಿದ ನೆಂಟರನ್ನು ನೋಡಿದರೆ ಖುಷಿಯಾಗುತ್ತದೆ. ಗ್ರೀಕಿನ ‘ಗೂನೆ’, ಅದರಿಂದ ಗೈನಕಾಲಜಿ. ಪರ್ಷಿಯನ್ನಿನ ‘ಜನ್’, ಅದರಿಂದ ನಮ್ಮ ಮಾತಿಗೂ ಬಂದ ಜನಾನಾ. ಇಂಗ್ಲಿಷಿನ ಕ್ವೀನ್. ಐರಿಶ್‌ನಲ್ಲಿ ರಾಣಿಗೆ ‘ಬನ್‌ರೀನ್’ ಅನ್ನುತ್ತಾರೆ. ಅದರ ‘ಬನ್’ ಕ್ವೀನ್‌ಗೆ ನೆಂಟ, ‘ರೀನ್’ ನಮ್ಮ ರಾಣಿಗೆ ನೆಂಟ.

ಬಳಕೆಯ ಮಾತುಗಳ ವಿಷಯಕ್ಕೆ ಬಂದರೆ ಓ ಡೋನಲ್ ನಿಘಂಟಿಗೆ ಸಾಟಿ ಇಲ್ಲ. ಅರ್ಥ ಹೇಳಿ ಸುಮ್ಮನಾಗುವುದಿಲ್ಲ, ಜನ ಆಡುವ ಜೋಡಿಗಳನ್ನೂ ಕೊಡುತ್ತದೆ. ‘ಬ್ಯನ್ ಅನ್ ಟೀ’ ಮನೆಯೊಡತಿ. ಬೇಸಿಗೆಯಲ್ಲಿ ಐರಿಶ್ ಕಲಿಯಲು ಗೇಲ್‌ಟಖ್ತ್, ಅಂದರೆ ಐರಿಶ್ ಮಾತಾಡುವ ಸೀಮೆಗೆ ಹೋಗುವ ಮಕ್ಕಳು ಉಳಿಯುವುದು ಇವರ ಮನೆಯಲ್ಲೇ. ‘ಬ್ಯನ್ ಗ್ಲೂನ್ಯ’, ಅಕ್ಷರಶಃ ಮೊಣಕಾಲಿನ ಹೆಂಗಸು, ಅಂದರೆ ಸೂಲಗಿತ್ತಿ. ‘ಬ್ಯನ್ ಫ್ಯಾಸ’ ಬಲ್ಲವಳು. ‘ಬ್ಯನ್ ಶೀ’ ದಿಬ್ಬದೊಳಗೆ ವಾಸ ಮಾಡುವ ಮಾಯಾಲೋಕದ ಹೆಂಗಸು, ಸಾವಿನ ಮುನ್ಸೂಚನೆಯಾಗಿ ಅಳುವವಳು. ಇಂಗ್ಲಿಷಿನ ‘ಬ್ಯಾನ್ಶಿ’ ಇದೇ. ಮದುವೆ ಊಟಕ್ಕೆ ‘ಬನಿಶ್’ ಅನ್ನುತ್ತಾರೆ, ಅದರೊಳಗೂ ‘ಬನ್’ ಇದೆ. ಶ್ರೀಮತಿ ಅನ್ನೋಕೂ ‘ಬ್ಯನ್’ನೇ. ಓ ಬ್ರೀನ್ ಮನೆತನದವನ ಹೆಂಡತಿ ‘ಬ್ಯನ್ ಈ ವ್ರೀನ್’. ಮನೆತನದ ‘ಓ’ ಷಷ್ಠಿಯಲ್ಲಿ ‘ಈ’ ಆಗಿ, ಮುಂದಿನ ‘ಬ’ ‘ವ’ ಆಗಿದೆ.

ಮೂಲ ಬೇಕು ಅನ್ನುವವರಿಗೆ ರಾಯಲ್ ಐರಿಶ್ ಅಕಾಡೆಮಿಯ ಹಳೆಯ ಐರಿಶ್ ನಿಘಂಟು ಇದೆ, ‘ಇ-ಡಿಲ್’ ಅಂತ. ಮೊದಲ ಕಂತು 1913ರಲ್ಲಿ, ಕೊನೆಯದು 1976ರಲ್ಲಿ. 2007ರಿಂದ ಇಂಟರ್ನೆಟ್‌ನಲ್ಲಿ ಉಚಿತ. ಇಲ್ಲಿ ಹುಡುಕಬೇಕಾದ್ದು ‘ಬೆನ್’, ಅಂದರೆ ಎ ಇಲ್ಲದೆ ಬಿ, ಇ, ಎನ್. ಹಳೆಯ ಹಸ್ತಪ್ರತಿಗಳಿಂದ ಆಯ್ದ ಸಾಲುಗಳು ರಾಶಿ ಇವೆ. ಚತುರ್ಥಿಯಲ್ಲಿ ‘ಮ್ನೈ’ ಅನ್ನುವ ನಾಲ್ಕನೇ ರೂಪವೂ ಆಗ ಇತ್ತು. ಅದು ‘ಮ್ನೀ’ ಆಗಿ ದಕ್ಷಿಣದವರ ಮಾತಲ್ಲಿ ಈಚಿನವರೆಗೂ ಬಾಳಿತು. ಇಂದಿನ ಮಾನಕ ಅದನ್ನು ಕೈಬಿಟ್ಟಿದೆ. ನನ್ನನ್ನು ಕೇಳಿದರೆ ಬಿಡಬಾರದಿತ್ತು. ಇ-ಡಿಲ್ ಹೊಸಬರಿಗೆ ಅಂತ ಮಾಡಿದ್ದಲ್ಲ, ಓದಲು ತಾಳ್ಮೆ ಬೇಕು. ಆದಿ ಭಾಷೆಯವರೆಗೆ ಹೋಗಬೇಕಾದರೆ ರಾಂಕೊ ಮಾತಸೋವಿಚ್ ಅವರ 2009ರ ಕೆಲ್ಟಿಕ್ ಪದಮೂಲ ನಿಘಂಟು ನೋಡಬೇಕು, ಅದು ಪುಸ್ತಕ.

ನನ್ನ ಅಂಕ: ಟ್ಯಾಂಗ್ಲನ್‌ಗೆ ವ್ಯಾಕರಣಕ್ಕೆ ಐದಕ್ಕೆ ಐದು, ಉಚ್ಚಾರಣೆಗೆ ನಾಲ್ಕೂವರೆ, ಬಳಕೆಯ ಮಾತಿಗೆ ಐದು, ಮೂಲಕ್ಕೆ ಸೊನ್ನೆ. ‘ಬ್ಯನ್’ ಪುಟದಿಂದ ಇ-ಡಿಲ್‌ನ ‘ಬೆನ್’ ಪುಟಕ್ಕೆ ಒಂದು ಲಿಂಕ್ ಹಾಕಿದರೆ ಆ ಸೊನ್ನೆಯೂ ಹೋಗುತ್ತದೆ. ಎರಡೂ ಉಚಿತ ತಾಣ, ಎರಡೂ ಸಾರ್ವಜನಿಕ ಸಂಸ್ಥೆಗಳದ್ದು. ಅಲ್ಲಿಯವರೆಗೆ ಎರಡನ್ನೂ ಪಕ್ಕಪಕ್ಕದ ಟ್ಯಾಬ್‌ನಲ್ಲಿ ತೆರೆದಿಟ್ಟುಕೊಳ್ಳಿ, ಮೊದಲು ವ್ಯಾಕರಣ ವಿಭಾಗ ನೋಡಿ, ಆಮೇಲೆ ಮೂರು ಸೀಮೆಯ ದನಿ ಕೇಳಿ, ಅದಾದ ಮೇಲೆ ಇ-ಡಿಲ್‌ಗೆ ಹೋಗಿ.